ರೊಟ್ಟಿ ಬಡಿದರೂ ಹೆಜ್ಜೆ!

ನೇಸರಗಿಯ ಅಜ್ಜಂದಿರಿಗೆ ವ್ಯಾಯಾಮ ಮಾಡಿ ಅಂತ ಹೇಳಿ ನೋಡಿ. "ಇಷ್ಟು ವರ್ಷ ಹೊಲದಾಗ ಏನ್ ಹಾಡ್ಕೋತ ಕುಂತಿದ್ವೇನೋ?" ಅಂತ ಒಂದೇ ಮಾತಿಗೆ ಬಾಯಿ ಮುಚ್ಚಿಸುತ್ತಾರೆ. ಹಾಗಂದವರು ಬಸ್‌ಸ್ಟ್ಯಾಂಡ್ ಹತ್ತಿರದ ಕಟ್ಟೆಗೆ ಹೋಗಿ ಕೂತರೆ ಏಳುವುದು ಮಧ್ಯಾಹ್ನದ ಊಟಕ್ಕೇ. ಅಲ್ಲಿವರೆಗೆ ಮೈಯಲ್ಲಿ ದುಡಿಯುವುದು ನಾಲಗೆ ಒಂದೇ.

ಇಂಥ ಒಬ್ಬ ಅಜ್ಜನ ಮೊಮ್ಮಗ ಪುಣೆಯಿಂದ ಬರುವಾಗ ಟಿವಿಗೆ ಹಚ್ಚುವ ಆಟದ ಪೆಟ್ಟಿಗೆ ತಂದ. ಎದುರಿಗೆ ನಿಂತು ಕೈಕಾಲು ಆಡಿಸಿದರೆ ಕ್ಯಾಮೆರಾ ನೋಡಿಕೊಂಡು ಟಿವಿಯೊಳಗಿನ ಗೊಂಬೆಯನ್ನೂ ಹಾಗೇ ಕುಣಿಸುತ್ತದೆ. ಅಜ್ಜ ಪಡಸಾಲೆಯಲ್ಲಿ ಧೋತರ ಬಿಟ್ಟುಕೊಂಡು ನಿಂತರು. ಗೊಂಬೆಗೆ ಒಂದು ಕಾಲು ಮಾಯ. ಇಳಕಲ್ ಸೀರೆಯ ಆಯಿ ನಿಂತರೆ ಎರಡೂ ಮಾಯ. ಸಡಿಲ ಬಟ್ಟೆಯೊಳಗೆ ಮೊಣಕಾಲು ಎಲ್ಲಿದೆ ಅಂತ ಹುಡುಕುವುದು ಇಂಥ ಕ್ಯಾಮೆರಾಗಳಿಗೆ ಕಷ್ಟದ ಕೆಲಸ, ಪ್ಯಾಂಟಿನ ದೇಶದಲ್ಲಿ ಹುಟ್ಟಿದವಲ್ಲವೇ? "ತಮ್ಮಾ, ನಿನ್ನ ಮಷೀನಿಗೆ ಕಣ್ಣಾಗ ಪೊರಿ ಬಂದೈತಿ, ಬೆಳಗಾವಿಗೆ ಒಯ್ದು ತೋರಸು" ಅಂದರು ಅಜ್ಜ.

ಆದರೆ ಹುಡುಗ ತಂದದ್ದು ಹುಡುಗಾಟಿಕೆಯ ಸಾಮಾನೇನಲ್ಲ. 2006ರಲ್ಲಿ ಜಪಾನಿನ ನಿಂಟೆಂಡೊ 'ವೀ' ಎಂಬ ಆಟದ ಪೆಟ್ಟಿಗೆ ತಂದಿತು. ಅಮೆರಿಕದ ವೃದ್ಧಾಶ್ರಮಗಳಲ್ಲಿ ಮುದುಕ ಮುದುಕಿಯರು ರಿಮೋಟ್ ಹಿಡಿದು, ಚೆಂಡೇ ಇಲ್ಲದ ಬೌಲಿಂಗ್ ಆಡಿ, ತಂಡ ಕಟ್ಟಿಕೊಂಡು ಪಂದ್ಯಕ್ಕೇ ಇಳಿದರು. ಮರುವರ್ಷದ 'ವೀ ಫಿಟ್' ಜೊತೆಗೆ ಒಂದು ಹಲಗೆ ಬಂತು. ಅದರ ಮೇಲೆ ನಿಂತರೆ ಮೈಭಾರ ಎತ್ತ ವಾಲುತ್ತಿದೆ ಅಂತ ಹೇಳುತ್ತಿತ್ತು. ಮಕ್ಕಳ ಆಟಿಕೆಯ ಮೇಲೆ ಫಿಸಿಯೋಥೆರಪಿಯವರ ಕಣ್ಣು ಬಿದ್ದದ್ದು ಇದಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ, 65 ದಾಟಿದವರು ವಾರಕ್ಕೆ 150 ನಿಮಿಷವಾದರೂ ಮೈ ಆಡಿಸಬೇಕು. ಸಾಲದ್ದಕ್ಕೆ, ಬೀಳದಂತೆ ತೋಲ ಹಿಡಿಯುವ, ಕಸುವು ಕೂಡಿಸುವ ಕಸರತ್ತು ವಾರದಲ್ಲಿ ಮೂರು ದಿನ.

ಹಾಗಂತ ಮೈಮರೆತು ಆಡುವ ಹಾಗಿಲ್ಲ. 2007ರಲ್ಲಿ ಸ್ಪೇನಿನ 29ರ ಹರೆಯದ ವೈದ್ಯರೊಬ್ಬರು ತಾಸುಗಟ್ಟಲೆ 'ವೀ' ಟೆನಿಸ್ ಆಡಿ, ಭುಜ ಹಿಡಿದುಕೊಂಡು, ಆ ನೋವಿಗೆ ಆಟದ ಹೆಸರನ್ನೇ ಇಟ್ಟು ಅಮೆರಿಕದ ವೈದ್ಯ ಪತ್ರಿಕೆಗೆ ಬರೆದರು. ಹರೆಯದವರ ಗತಿಯೇ ಹೀಗಾದರೆ ಅಜ್ಜಂದಿರು ಗೋಡೆ ಬಿಟ್ಟು ದೂರ ನಿಲ್ಲಬಾರದು.

ಪೆಟ್ಟಿಗೆ ಸೋತಿತೆಂದು ಮೊಮ್ಮಗ ಇಬ್ಬರ ಕೈಗೂ ಹೆಜ್ಜೆ ಎಣಿಸುವ ವಾಚು ಕಟ್ಟಿದ. ಸಂಸಾರದಲ್ಲಿ ಹೊಸ ಜಗಳ ಶುರು! ಅಜ್ಜ ಊರೆಲ್ಲ ಅಡ್ಡಾಡಿ ಬಂದು ನೋಡಿದರೆ, ಅಡಿಗೆಮನೆ ಬಿಟ್ಟು ಕದಲದ ಆಯಿಯದೇ ಹೆಚ್ಚು. ಗುಟ್ಟು ಇಷ್ಟೇ: ವಾಚಿಗೆ ಗೊತ್ತಾಗುವುದು ಕೈಯ ಅಲುಗಾಟ, ಕಾಲಿನದ್ದಲ್ಲ. ಜೋಳದ ರೊಟ್ಟಿ ಬಡಿಯುವ ಕೈ ಟಪ್ ಟಪ್ ಅಂತ ತಾಳ ತಪ್ಪದೆ ಬೀಳುತ್ತಿದ್ದರೆ, ಆಯಿ ಸವದತ್ತಿಯ ಗುಡ್ಡ ಹತ್ತುತ್ತಿದ್ದಾರೆ ಅಂತ ಅದು ನಂಬಿಬಿಟ್ಟಿತ್ತು.

"ಇದು ಮೋಸದಾಟ" ಅಂದರು ಅಜ್ಜ.

"ಹಂಗಾರ ನೀವೂ ಬಡೀರಿ. ಹಿಟ್ಟು ಐತಿ, ಹಂಚೂ ಕಾದೈತಿ" ಅಂದರು ಆಯಿ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅಂತ ಮೊಮ್ಮಗ ಹಟ ಹಿಡಿದಿದ್ದ. ಆ ಸಂಖ್ಯೆ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಅಂಗಡಿಯಲ್ಲಿ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹಚ್ಚಿದ ಹೆಸರು ಅದು. ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದು 2019ರಲ್ಲಿ ಬಂದ ಅಧ್ಯಯನದಲ್ಲಿ 4,400 ಹೆಜ್ಜೆಗೇ ಲಾಭ ಕಂಡಿತ್ತು, 7,500ರ ಆಚೆ ಹೆಚ್ಚಿನದೇನೂ ಸಿಗಲಿಲ್ಲ. ಇದನ್ನು ಅಜ್ಜನಿಗೆ ಹೇಳಿದ್ದು ನಾನೇ. ಈಗ ಅವರು 4,400 ಆದದ್ದೇ ತಡ, ನಡುರಸ್ತೆಯಾದರೂ ಸರಿ, ನಿಂತುಬಿಡುತ್ತಾರೆ.

ವಾಚಿನ ಸುದ್ದಿ ಕಟ್ಟೆಗೂ ತಲುಪಿತು. ಎಲ್ಲರಿಗೂ ವಾಚು ಎಲ್ಲಿಂದ ಬರಬೇಕು? ಗೋಡೆ ಕೈಗೆಟಕುವಷ್ಟು ದೂರದಲ್ಲಿ ಒಂಟಿಗಾಲಲ್ಲಿ ನಿಲ್ಲುವ ಪಂದ್ಯ ಶುರುವಾಯಿತು. ಮೊದಲು ಕಾಲು ಊರಿದವರು ಎಲ್ಲರಿಗೂ ಚಾ ಕುಡಿಸಬೇಕು. ಎಣಿಸುವವನು ಚಾದ ಅಂಗಡಿಯವನೇ ಆದ್ದರಿಂದ, ಅವನು ಎಂಟರಿಂದ ಒಂಬತ್ತಕ್ಕೆ ಬರುವಷ್ಟರಲ್ಲಿ ಬೆಳಗಾವಿ ಬಸ್ಸು ಬಂದು ಹೋಗಿರುತ್ತದೆ.

"ಲಗೂ ಎಣಸೋ, ನಿನ್ನ ಚಾ ಮಾರಾಕ ನನ್ನ ಮೊಣಕಾಲ ಬೇಕೇನು?"