ಗ್ರ್ಯಾಜುಯಲಿ, ಸಡನ್ಲಿ, ಪರ್ಸೋಂ

ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ತಲೆ ಎತ್ತಿ ನಡೆದರೆ ಬೋರ್ಡುಗಳು, ತಗ್ಗಿಸಿ ನಡೆದರೆ ಕೈಗೆ ತುರುಕುವ ಹ್ಯಾಂಡ್‌ಬಿಲ್ಲುಗಳು. ಮೈತ್ರಿವನಂ ಸುತ್ತ ಜಾವಾ, ಒರಾಕಲ್ ಕಲಿಸುವವರ ನಡುವೆಯೇ ಜಾಗ ಮಾಡಿಕೊಂಡು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ತರಗತಿಗಳೂ ಕೂತಿವೆ. ಕೆಳಗೆ ಇಡ್ಲಿ ಬಂಡಿ, ಮೇಲೆ ಲೇಡೀಸ್ ಹಾಸ್ಟೆಲ್, ನಡುವಿನ ಮಹಡಿಯಲ್ಲಿ ಇಂಗ್ಲೆಂಡು. ಹಾಗೆ ನೋಡಿದರೆ, ಇಂಗ್ಲಿಷ್ ಕಲಿಸುವ ಮೇಷ್ಟರಿಗೇ ಪಾಠ ಹೇಳಲೆಂದು 1958ರಲ್ಲೇ ಈ ಊರಿನಲ್ಲಿ ಒಂದು ಕೇಂದ್ರ ಸಂಸ್ಥೆ ಹುಟ್ಟಿದೆ. 2007ರಲ್ಲಿ ಅದು ಇಫ್ಲು ಎಂಬ ವಿಶ್ವವಿದ್ಯಾಲಯವಾಯಿತು. ಅದಿರುವುದು ತಾರ್ನಾಕಾ ಕಡೆ. ವೀಸಾದ ಅವಸರದಲ್ಲಿರುವವರು ಅಲ್ಲಿಗೆ ಹೋಗುವುದಿಲ್ಲ, ಅಮೀರ್‌ಪೇಟೆಗೆ ಬರುತ್ತಾರೆ.

ರಾಯಚೂರಿನಿಂದ ನನ್ನ ತಂಗಿಯ ಮಗಳೂ ಹಾಗೇ ಬಂದಳು. ಕಾಚಿಗುಡದ ನಮ್ಮ ಮನೆಯಲ್ಲಿ ವಾಸ, ಅಮೀರ್‌ಪೇಟೆಯಲ್ಲಿ ವ್ಯಾಸಂಗ. ಆ ಪರೀಕ್ಷೆಯಲ್ಲಿ ಒಂದು ಗ್ರಾಫ್ ಕೊಟ್ಟು, ಇಪ್ಪತ್ತು ನಿಮಿಷದಲ್ಲಿ ಕನಿಷ್ಠ 150 ಪದಗಳಲ್ಲಿ ಅದನ್ನು ವರ್ಣಿಸು ಅನ್ನುತ್ತಾರಂತೆ. ಗೆರೆ ಏರಿತು, ಇಳಿಯಿತು ಅಂದರೆ ಸಾಲದು. ಹೇಗೆ ಏರಿತು? ಸ್ಟೆಡಿಲಿ, ಶಾರ್ಪ್ಲಿ, ಸ್ಲೈಟ್ಲಿ, ಡ್ರಮ್ಯಾಟಿಕಲಿ. ಕ್ರಿಯಾಪದಕ್ಕೆ ಬಾಲ ಕಟ್ಟಿದಷ್ಟೂ ಅಂಕ ಹೆಚ್ಚು ಎಂದು ಅವಳ ಮೇಷ್ಟರ ನಂಬಿಕೆ.

ಗ್ರಾಫು ಮುಗಿದ ಮೇಲೆ ಅವಳ ಕಣ್ಣು ಮನೆಯ ಮೇಲೆ ಬಿತ್ತು. ಹಾಲಿನ ದರ ಸ್ಟೆಡಿಲಿ ಏರಿತು. ನಲ್ಲಿ ನೀರು ಶಾರ್ಪ್ಲಿ ಇಳಿಯಿತು. ಒಂದು ದಿನ ನನ್ನನ್ನೇ ಮೇಲಿಂದ ಕೆಳಗೆ ನೋಡಿ, “ಮಾಮಾ, ನಿಮ್ಮ ಹೊಟ್ಟಿ ಗ್ರ್ಯಾಜುಯಲಿ ಬೆಳೆದದೋ, ಸಿಗ್ನಿಫಿಕಂಟ್ಲಿ ಬೆಳೆದದೋ?” ಅಂದಳು. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅವಳ ಅತ್ತಿಯ ಉತ್ತರ ಬಂತು: “ಮೊದಲು ಅದು, ಆಮ್ಯಾಲೆ ಇದು.”

ಮಾತಿನ ಪರೀಕ್ಷೆಯದು ಬೇರೆಯೇ ಕಥೆ. ಒಂದು ಚೀಟಿ ಕೊಟ್ಟು, ಯೋಚನೆಗೆ ಒಂದು ನಿಮಿಷ, ಮಾತಿಗೆ ಎರಡು ನಿಮಿಷ. ‘ನಿಮಗೆ ಗೊತ್ತಿರುವ ಊರೊಂದು ಹೇಗೆ ಬದಲಾಗಿದೆ?’ ಎಂಬ ಚೀಟಿಯನ್ನು ಅವಳು ನನ್ನ ಮುಂದೆ ಹಿಡಿದು ಮೊಬೈಲಿನಲ್ಲಿ ಟೈಮರ್ ಒತ್ತಿದಳು. ಈ ಊರಿನಲ್ಲಿ ತಲೆ ನರೆಸಿಕೊಂಡವನಿಗೆ ಎರಡು ನಿಮಿಷ! 1908ರ ಸೆಪ್ಟೆಂಬರ್ 28ರಿಂದ ಶುರುಮಾಡಿದೆ. ಅಂದು ಮೂಸಿ ನದಿ ಉಕ್ಕಿ ಸುಮಾರು ಹದಿನೈದು ಸಾವಿರ ಜನ ಹೋದರು. ಅಫ್ಜಲ್‌ಗಂಜಿನ ಒಂದು ಹುಣಸೆಮರ ಹತ್ತಿ ಕೂತ ಸುಮಾರು 150 ಜನ ಉಳಿದರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಆ ಮರ ಇನ್ನೂ ಇದೆ. ಮರುವರ್ಷ ನಿಜಾಮರು ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಪ್ರವಾಹವನ್ನು ಊರಿನ ಹೊರಗೇ ತಡೆಯಿರಿ ಎಂದು ಅವರು ಲೆಕ್ಕ ಹಾಕಿಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಎದ್ದುನಿಂತವು.

ಟೈಮರ್ ಕೂಗಿತು. “ಮಾಮಾ, ನೀವು ಇನ್ನೂ ಡ್ಯಾಮಿನ ಮ್ಯಾಲೆ ಇದ್ದೀರಿ. ಒಂದೂ ಅಡ್ವರ್ಬ್ ಬರಲಿಲ್ಲ.”

ಹೌದಲ್ಲ ಅನಿಸಿತು. ಆದರೆ ಎಲ್ಲಿ ಹಾಕುವುದು? ನದಿ ಸಡನ್ಲಿ ಉಕ್ಕಿತು, ಸರಿ. ಅದಕ್ಕೆ ಕಟ್ಟೆ ಬಿದ್ದಿದ್ದು ಗ್ರ್ಯಾಜುಯಲಿ, ಅದೂ ಸರಿ. 1956ರ ನವೆಂಬರ್ 1ಕ್ಕೆ ಯಾವುದು? ಅದರ ಹಿಂದಿನ ರಾತ್ರಿ ರಾಯಚೂರು, ಕಲಬುರ್ಗಿ, ಬೀದರಿನವರು ಹೈದರಾಬಾದ್ ರಾಜ್ಯದಲ್ಲಿ ಮಲಗಿದರು, ಬೆಳಿಗ್ಗೆ ಮೈಸೂರು ರಾಜ್ಯದಲ್ಲಿ ಎದ್ದರು. ಕೋರ್ಟು ಕಚೇರಿಗೆಂದು ಇತ್ತ ಬಂದು ಕಾಚಿಗುಡ, ಬರ್ಕತ್‌ಪುರದಲ್ಲಿ ಮನೆ ಹಿಡಿದಿದ್ದ ಕನ್ನಡಿಗರು ಮನೆ ಬದಲಾಯಿಸದೆಯೇ ಹೊರನಾಡ ಕನ್ನಡಿಗರಾದರು. ಕಾಗದದ ಮೇಲೆ ಅದು ಸಡನ್ಲಿ. ನಮ್ಮ ಮನೆಯ ಹಿರಿಯರಿಗೆ ಮಾತ್ರ ಅದು ಎಷ್ಟೋ ವರ್ಷ ಹಿಡಿಯಿತು. ಕೊನೆಯತನಕ ಅವರು ಉರ್ದುವಿನಲ್ಲೇ ಲೆಕ್ಕ ಬರೆದರು, ಕನ್ನಡದಲ್ಲಿ ಜಗಳವಾಡಿದರು, ತೆಲುಗಿನಲ್ಲಿ ತರಕಾರಿ ಚೌಕಾಸಿ ಮಾಡಿದರು. ಇದನ್ನು ಗ್ರಾಫಿನಲ್ಲಿ ತೋರಿಸುವವರಿದ್ದರೆ ಅವರಿಗೆ ನಾನು ಒಂಬತ್ತಕ್ಕೆ ಒಂಬತ್ತು ಬ್ಯಾಂಡ್ ಕೊಟ್ಟೇನು.

ಈ ಊರಿನವರು ವೇಗದ ಗೊಡವೆಗೇ ಹೋಗುವುದಿಲ್ಲ. ಅವರ ಹತ್ತಿರ ‘ಪರ್ಸೋಂ’ ಇದೆ. ಹಿಂದಿ ಪುಸ್ತಕದಲ್ಲಿ ಅದು ಮೊನ್ನೆ. ಹೈದರಾಬಾದಿನಲ್ಲಿ ನಿನ್ನೆಯಿಂದ ಹಿಂದಕ್ಕೆ ಎಲ್ಲಿಯವರೆಗೂ ಹೋಗುತ್ತದೆ. ಇರಾನಿ ಹೋಟೆಲಿನಲ್ಲಿ ಚಾಯ್ ಬಸಿಗೆ ಸುರಿದುಕೊಂಡು ಕೂತ ಹಿರಿಯರೊಬ್ಬರನ್ನು ಹುಡುಗಿ ಮಾತಿಗೆಳೆದಳು. ಮೆಟ್ರೋ ಯಾವಾಗ ಬಂತು ಚಾಚಾ? ಪರ್ಸೋಂ. (2017.) ತೆಲಂಗಾಣ ಆಗಿದ್ದು? ಪರ್ಸೋಂಚ್ ತೋ. (2014.) ಸೈಬರ್ ಟವರ್ಸ್? ಅದು 1998ರದು, ಅವರು ಬಸಿ ಕೆಳಗಿಟ್ಟು, ಸ್ವಲ್ಪ ಯೋಚಿಸಿ, ಅದನ್ನೂ ಪರ್ಸೋಂಗೇ ಸೇರಿಸಿದರು. ಕಟ್ಟಡ ಹಳೆಯದಾಗಲು ನಾಲ್ಕು ನೂರು ವರ್ಷವಾದರೂ ಬೇಕೆಂದು ಚಾರ್ಮಿನಾರ್ ನೋಡುತ್ತ ಬೆಳೆದವರ ಎಣಿಕೆ ಇದ್ದೀತು. ಇದಕ್ಕೆ ಎಕ್ಸ್ ಅಕ್ಷ ಎಲ್ಲಿ ಎಳೆಯುವುದೆಂದು ತಿಳಿಯದೆ ಹುಡುಗಿ ಉಸ್ಮಾನಿಯಾ ಬಿಸ್ಕತ್ತು ಮುರಿದಳು.

ಬೇಕಾದಷ್ಟು ಅಂಕ ಬಂದವು, ವೀಸಾ ಬಂತು. ಹೊರಡುವ ದಿನ ಪಕ್ಕದ ಮನೆಯಾಕೆ ಆಶ್ಚರ್ಯಪಟ್ಟರು: ಗಂಡಿಪೇಟೆ ನೀರು ಕುಡಿದವರು ಊರು ಬಿಡುವುದಿಲ್ಲ ಅನ್ನುತ್ತಾರಲ್ಲ, ಈ ಹುಡುಗಿ ಹೇಗೆ ಹೊರಟಿತು? ಗಂಡಿಪೇಟೆ ಅಂದರೆ ಅದೇ ಉಸ್ಮಾನ್ ಸಾಗರ. ನನ್ನ ಹೆಂಡತಿ ಚಟ್ನಿಪುಡಿಯ ಪೊಟ್ಟಣಕ್ಕೆ ಮೂರನೇ ಪ್ಲಾಸ್ಟಿಕ್ ಸುತ್ತುತ್ತ, “ಈಗ ಊರಾಗ ಕೃಷ್ಣಾ ನೀರು ಬರ್ತದಲ್ರಿ,” ಅಂದಳು. “ರಾಯಚೂರು ದಾಟಿ ಬಂದ ನೀರು. ಅದಕ್ಕೇ ಒಂದು ಕಡೆ ನಿಲ್ಲೂದು ಗೊತ್ತಿಲ್ಲ, ಅದನ್ನ ಕುಡದವರಿಗೇನು ಗೊತ್ತಿರ್ತದ?”