ಅಳಿಸಿದರೂ ಅಳಿಯದ ಸರ್ವರ್

ಕ್ಲೌಡಿನಲ್ಲಿ ಸರ್ವರ್ ಹುಟ್ಟಿಸುವುದು ಸುಲಭ, ಸಾಗಹಾಕುವುದೇ ಪ್ರಾಣಸಂಕಟ. ಎಪಿಐಗೆ ವಿನಯದಿಂದ 'ಡಿಲೀಟ್' ಎಂದು ಕೋರಿಕೆ ಕಳಿಸುತ್ತೇನೆ. ಉತ್ತರ: 202. ಅಂದರೆ ಅರ್ಜಿ ತಲುಪಿದೆ, ಕೆಲಸ ಆಗಿದೆ ಅಂತಲ್ಲ. ತಾಲ್ಲೂಕು ಕಚೇರಿಯ ಟಪಾಲು ಮುದ್ರೆ ಇದ್ದ ಹಾಗೆ. ಕಾಫಿ ಕುಡಿದು ಬಂದು ನೋಡಿದರೂ ಸ್ಥಿತಿ 'ಡಿಲೀಟಿಂಗ್'.

ನೆಟ್‌ವರ್ಕ್ ಅಳಿಸಲು ಹೋದರಂತೂ 409. ಒಳಗೆ ಸಬ್‌ನೆಟ್ ಇದೆಯಂತೆ. ಸಬ್‌ನೆಟ್ಟನ್ನು ವಿಚಾರಿಸಿದರೆ ಅದರೊಳಗೊಂದು ಇಂಟರ್‌ಫೇಸ್. ಇಂಟರ್‌ಫೇಸನ್ನು ಗದರಿದರೆ ಲೋಡ್ ಬ್ಯಾಲೆನ್ಸರ್ ಬಿಡುತ್ತಿಲ್ಲ ಎಂಬ ಗೋಳು. ಬ್ಯಾಲೆನ್ಸರಿಗೋ, ಯಾವ ಪುಣ್ಯಾತ್ಮನೋ 'ಡಿಲೀಷನ್ ಪ್ರೊಟೆಕ್ಷನ್' ಕಟ್ಟಿ ಕಂಪನಿ ಬಿಟ್ಟು ಹೋಗಿದ್ದಾನೆ! ಸ್ಟೋರೇಜ್ ಬಕೆಟ್‌ನ ವರಸೆಯೇ ಬೇರೆ. ಖಾಲಿಯಾಗದೆ ಜಾಗ ಬಿಡದು. ಖಾಲಿ ಮಾಡಿದೆನೆಂದು ಬೀಗಿದರೆ ಹಳೆಯ ವರ್ಷನ್‌ಗಳು ಕಣ್ಣಿಗೆ ಬೀಳದೆ ಒಳಗೇ ಕೂತಿರುತ್ತವೆ.

ಇಷ್ಟೆಲ್ಲ ಗುದ್ದಾಡಿದ ಮೇಲೆ ಒಂದು ದಿನ 404 ದರ್ಶನ ಕೊಡುತ್ತದೆ. ಊರಿಗೆಲ್ಲ ಅದು ದೋಷ, ನನಗೆ ಪ್ರಸಾದ. ಹುಡುಕಿದ್ದು ಸಿಗಲಿಲ್ಲವೆಂದು ಕುರ್ಚಿಯಲ್ಲೇ ಕುಣಿಯುವವನನ್ನು ಕಂಡು ಪಕ್ಕದ ಹುಡುಗಿ ಹೆಡ್‌ಫೋನ್ ತೆಗೆದು, "ಸರ್, ಸರ್ವರ್ ಹೋಯ್ತು ಸರಿ. ಅದರ ಡಿಸ್ಕ್?" ಎಂದಳು. ಡಿಸ್ಕ್ ಹಾಯಾಗಿ ಬಾಡಿಗೆ ಏರಿಸುತ್ತಿತ್ತು.