ಟರ್ಮಿನಲ್ ಭಾವ

ಸಾಫ್ಟ್‌ವೇರ್ ಅಳಿಯ ಇರುವ ಮನೆಯವರಿಗೆ ಇವರ ಪರಿಚಯ ಹೇಳಬೇಕಾಗಿಲ್ಲ. ನಮ್ಮ ಭಾವ ಆ ಜಾತಿಯವರು. ಮೌಸ್ ಮುಟ್ಟುವುದು ಅವರಿಗೆ ಮೈಲಿಗೆ.

"ಮದುವೆ ಫೋಟೊಗಳನ್ನ ಹೊಸ ಹಾರ್ಡ್ ಡಿಸ್ಕಿಗೆ ಹಾಕ್ಕೊಡಿ ಭಾವ" ಎಂದರೆ ಸಾಕು, ಕನ್ನಡಕ ಒರೆಸಿ, ಕಪ್ಪು ಪರದೆ ತೆರೆದು, 'ಆರ್‌ಸಿಂಕ್' ಎಂದು ಟೈಪಿಸಿ ಕೈ ಎತ್ತಿಬಿಡುತ್ತಾರೆ. "ಇದು 1996ರದ್ದು, ಗೊತ್ತಾ?" ಗೊತ್ತು ಎಂದರೂ ಬಿಡುವುದಿಲ್ಲ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್, ಪಾಲ್ ಮೆಕರಾಸ್ ಬರೆದದ್ದು. ನೆಟ್‌ವರ್ಕ್ ತೆವಳುತ್ತಿದ್ದ ಕಾಲದಲ್ಲಿ ಇಡೀ ಫೈಲ್ ಕಳಿಸದೆ ಬದಲಾದ ತುಣುಕನ್ನಷ್ಟೇ ಕಳಿಸುವ ಉಪಾಯ. ಟ್ರಿಜೆಲ್ ತಮ್ಮ ಪಿಎಚ್.ಡಿ. ಪ್ರಬಂಧದಲ್ಲೂ ಅದನ್ನು ವಿವರಿಸಿದ್ದಾರೆ. ಒಂದೇ ಕಂಪ್ಯೂಟರಿನ ಎರಡು ಡಿಸ್ಕುಗಳ ನಡುವೆ ಅದು ಈ ಜಾಣತನಕ್ಕೆ ಹೋಗದೆ ಬದಲಾದ ಫೈಲನ್ನು ಇಡಿಯಾಗಿಯೇ ಕಾಪಿ ಮಾಡುತ್ತದೆ ಎಂಬುದನ್ನು ಮಾತ್ರ ಭಾವ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ.

ಆಮೇಲೆ ಸ್ಲ್ಯಾಶ್ ಪುರಾಣ. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಎಳೆದರೆ ಒಳಗಿರುವುದಷ್ಟೇ ಹೋಗುತ್ತದೆ, ಎಳೆಯದಿದ್ದರೆ ಫೋಲ್ಡರೇ ಹೋಗಿ ಕೂರುತ್ತದೆ. ನಮಗ್ಯಾರಿಗೂ ತಲೆಗೆ ಹೋಗಲಿಲ್ಲ. "ಚಕ್ಕುಲಿ ಮಾತ್ರ ಕಳಿಸೋದೋ, ಡಬ್ಬದ ಸಮೇತ ಕಳಿಸೋದೋ ಅಂತ ಅತ್ತೆ" ಎಂದರು ಭಾವ. ಅಮ್ಮ ಒಗ್ಗರಣೆ ಬಿಟ್ಟು ಬಂದು, "ಡಬ್ಬ ಹೋದರೆ ವಾಪಸ್ ಬರೋದಿಲ್ಲ ಅಳಿಯಂದಿರೇ, ಗೆರೆ ಹಾಕ್ಬಿಡಿ" ಎಂದಳು. ಆಫೀಸಿನಲ್ಲಿ ಹೊಸ ಹುಡುಗರಿಗೆ ಹೇಳಿ ಹೇಳಿ ಸೋತಿದ್ದ ಭಾವನ ಕಣ್ಣು ತುಂಬಿತು.

ಎಂಟರ್ ಒತ್ತುತ್ತಾರೆ ಅಂದುಕೊಂಡಿರಾ? ಮೊದಲು 'ಹೈಫನ್ ಎನ್‌ವಿ'. ಅಂದರೆ ಏನೇನು ಮಾಡುತ್ತೇನೆಂದು ಉದ್ದದ ಪಟ್ಟಿ ಕೊಡುವುದು, ಒಂದನ್ನೂ ಮಾಡದಿರುವುದು. ಬಚ್ಚಲ ನಲ್ಲಿ ಸೋರಲು ಶುರುವಾದಾಗಿನಿಂದ ಅಕ್ಕ ಕೇಳುತ್ತಲೇ ಇದ್ದಾಳೆ: "ರೀ, ಈ ಗುಣ ಅದಕ್ಕೆ ನಿಮ್ಮಿಂದ ಬಂತೋ, ನಿಮಗೆ ಅದರಿಂದ ಬಂತೋ?"

ಕಾಪಿ ಮುಗಿದ ಮೇಲೂ ಬಿಡುಗಡೆಯಿಲ್ಲ. ಅದೇ ಕಮಾಂಡನ್ನು ಮತ್ತೆ ಓಡಿಸಿ, ಗಾತ್ರ ಮತ್ತು ಕೊನೆಗೆ ತಿದ್ದಿದ ಸಮಯ ಸರಿಹೊಂದಿದ ಫೈಲುಗಳನ್ನೆಲ್ಲ ಅದು ಮುಟ್ಟದೆ ದಾಟಿಹೋಗುವುದನ್ನು ತೋರಿಸುತ್ತಾರೆ. ಏನೂ ಆಗದಿರುವುದನ್ನು ನಾವು ಕೂತು ನೋಡಬೇಕು.

ಇದನ್ನೆಲ್ಲ ಅರ್ಧ ಕಲಿತ ಚಿಕ್ಕಪ್ಪನ ಮಗ ಒಂದು ದಿನ ಭಾವ ಬರುವ ಮೊದಲೇ ಕೈ ತೋರಿಸಿದ. ಎರಡು ಡಿಸ್ಕುಗಳು ಒಂದೇ ಸಮ ಇರಲಿ ಎಂದು 'ಡಿಲೀಟ್' ಬೇರೆ ಸೇರಿಸಿದ. ಮೂಲದಲ್ಲಿ ಇಲ್ಲದ್ದನ್ನು ಗುರಿಯಿಂದ ಅಳಿಸುವ ಆಜ್ಞೆ ಅದು. ಪುಣ್ಯಾತ್ಮ ಮೂಲ, ಗುರಿ ಎರಡನ್ನೂ ಅದಲುಬದಲು ಮಾಡಿದ್ದ. ಖಾಲಿ ಡಿಸ್ಕನ್ನು ನೋಡಿಕೊಂಡು ತುಂಬಿದ ಡಿಸ್ಕು ತಾನೂ ಖಾಲಿಯಾಯಿತು.

ಭಾವ ಬೈಯಲಿಲ್ಲ. "ಎನ್ ಹಾಕಿದ್ಯೇನೋ?" ಎಂದಷ್ಟೇ ಕೇಳಿ, ಬ್ಯಾಗಿನಿಂದ ಇನ್ನೊಂದು ಡಿಸ್ಕ್ ತೆಗೆದರು. ನಾಮಕರಣದಿಂದ ಗೃಹಪ್ರವೇಶದವರೆಗೆ ಎಲ್ಲವೂ ಅದರಲ್ಲಿತ್ತು. ನಲ್ಲಿ ಇನ್ನೂ ಸೋರುತ್ತಿದೆ, ಅದು ಬೇರೆ ಮಾತು.

ಇಂಥ ಭಾವ ಇಲ್ಲದ ಮನೆಯವರು ದಯವಿಟ್ಟು 'ಡಿಲೀಟ್' ಸೇರಿಸುವ ಮೊದಲು ಒಮ್ಮೆ 'ಹೈಫನ್ ಎನ್‌ವಿ' ಹಾಕಿ ನೋಡಿ.